ಸ್ಕ್ರೈಬ್ ಅಂದ್ರೆ ಬರೀ ಪೆನ್ನಲ್ಲ: ಪೊಂಟ್ರ್ಯಾಗಿನ್ ನೆಪದಲ್ಲಿ ಪರೀಕ್ಷಾ ಮಂಡಳಿಗಳಿಗೂ ಗಣಿತ ಮೇಷ್ಟ್ರುಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಪರೀಕ್ಷೆ ನಡೆಸೋ ಮಂಡಳಿ, ಯೂನಿವರ್ಸಿಟಿ ಅಧಿಕಾರಿಗಳಿಗೆ, ಮತ್ತೆ ಕ್ಲಾಸಲ್ಲಿ ಗಣಿತ ಹೇಳಿಕೊಡೋ ಮೇಷ್ಟ್ರು ಮೇಡಂಗಳಿಗೆ, ಎಲ್ರಿಗೂ ಸೇರಿಸಿ ಒಂದೇ ಪತ್ರ ಬರೀತಿದ್ದೀನಿ. ನಾನು ಕೇಳೋದು ತೀರಾ ಚಿಕ್ಕ ವಿಷಯ: ಕಣ್ಣು ಕಾಣದ ಮಕ್ಕಳು ಬಾಯಲ್ಲಿ ಹೇಳೋ ಉತ್ತರನ ಪರೀಕ್ಷೆಲಿ ಬರೆದುಕೊಡೋ ಸ್ಕ್ರೈಬ್ ಬಗ್ಗೆ, ಅದರಲ್ಲೂ ಗಣಿತದ ಪೇಪರ್‌ ಬಗ್ಗೆ. ಆದ್ರೆ ಯಾಕೆ ಕೇಳ್ತಿದ್ದೀನಿ ಅಂತ ಹೇಳೋಕೆ ಮಾಸ್ಕೋ ತನಕ ಹೋಗಿ ಬರ್ಬೇಕು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ವಾಟ್ಸಾಪ್‌ನಲ್ಲಿ ಆಗಾಗ ಬರೋ ಥರದ ಪೋಸ್ಟ್ ನೀವೂ ನೋಡಿರ್ತೀರಾ. ಒಂದು ಕಪ್ಪು ಬಿಳುಪು ಫೋಟೋ, ಕೆಳಗೆ ಮೂರು ಸಾಲು: ಹದಿಹರೆಯದಲ್ಲಿ ಕಣ್ಣು ಹೋಯ್ತು, ಛಲ ಬಿಡ್ಲಿಲ್ಲ, ಪ್ರಪಂಚದ ದೊಡ್ಡ ಗಣಿತಜ್ಞ ಆದ. ಕೈ ಮುಗಿಯೋ ಇಮೋಜಿ. ಮುಗೀತು. ಲೆವ್ ಸೆಮ್ಯೋನೊವಿಚ್ ಪೊಂಟ್ರ್ಯಾಗಿನ್ ಕತೆನೂ ಹೀಗೇ ಹೇಳೋದು. ಕಣ್ಣು ಹೋಗಿದ್ದಕ್ಕೂ ಗಣಿತಜ್ಞ ಆಗಿದ್ದಕ್ಕೂ ಮಧ್ಯೆ ಏನಾಯ್ತು ಅನ್ನೋದನ್ನ ಯಾರೂ ಕೇಳಲ್ಲ, "ಛಲ" ಅಂತ ಒಂದು ಮಾತು ಹಾಕಿಬಿಟ್ರೆ ಎಲ್ಲಾ ಮುಚ್ಚಿಹೋಗುತ್ತೆ. ನನಗೆ ಆ ಮಧ್ಯದ ಭಾಗವೇ ಮುಖ್ಯ, ಯಾಕಂದ್ರೆ ಅದರಲ್ಲಿ ಇನ್ನೊಬ್ರು ಇದ್ದಾರೆ.

ಅವರು ಹುಟ್ಟಿದ್ದು 1908ರಲ್ಲಿ, ಮಾಸ್ಕೋದಲ್ಲಿ, ಸಾಧಾರಣ ಮನೆ. ಅಪ್ಪ ಲೆಕ್ಕ ಬರೆಯೋ ಕೆಲಸದಲ್ಲಿದ್ದೋರು, ಅಮ್ಮ ತತ್ಯಾನಾ ಆಂದ್ರೆಯೆವ್ನಾ ಬಟ್ಟೆ ಹೊಲೀತಿದ್ರು. ಹುಡುಗನಿಗೆ 14 ವರ್ಷ ಇದ್ದಾಗ ಪ್ರೈಮಸ್ ಸ್ಟೋವ್ ಸಿಡೀತು. ನಮ್ಮಲ್ಲೂ ಗ್ಯಾಸ್ ಬರೋಕ್ ಮುಂಚೆ ಮನೆಮನೆಲಿ ಇತ್ತಲ್ಲ, ಪಂಪ್ ಹೊಡೆದು ಹಚ್ಚೋ ಸ್ಟೋವ್, ಅದೇ. ಅದು ಸಿಡಿದು ಮೈ ಸುಟ್ಟ ಎಷ್ಟೋ ಸುದ್ದಿ ನಮ್ಮ ಹಿರಿಯರಿಗೆ ನೆನಪಿರುತ್ತೆ. ಈ ಹುಡುಗನಿಗೆ ಎರಡೂ ಕಣ್ಣು ಹೋಯ್ತು.

ಅಲ್ಲಿಂದ ಆ ತಾಯಿ ಮಾಡಿದ್ದು ಏನು ಗೊತ್ತಾ? ಗಣಿತದ ಗಂಧ ಗಾಳಿ ಇಲ್ದಿರೋ ಹೆಂಗಸು ಮಗನ ಪಕ್ಕ ಕೂತು ಗಣಿತದ ಪುಸ್ತಕ ಜೋರಾಗಿ ಓದೋಕೆ ಶುರು ಮಾಡಿದ್ರು. ಮೊದ್ಲು ಸ್ಕೂಲ್ ಪುಸ್ತಕ, ಆಮೇಲೆ ಯೂನಿವರ್ಸಿಟಿ ಪುಸ್ತಕ, ಆಮೇಲೆ ಜರ್ನಲ್‌ಗಳಲ್ಲಿ ಬರೋ ಪೇಪರ್‌ಗಳು, ಅವೂ ಬರೀ ರಷ್ಯನ್ನಲ್ಲಿ ಇರ್ತಿರ್ಲಿಲ್ಲ, ಟೋಪಾಲಜಿ (ಎಳೆದು ಜಗ್ಗಿದ್ರೂ ಬದಲಾಗದ ಆಕಾರದ ಗುಣಗಳನ್ನ ನೋಡೋ ಗಣಿತ) ಬಗ್ಗೆ ಆಗ ಬರ್ತಿದ್ದ ಪೇಪರ್‌ಗಳು ಬಹಳಷ್ಟು ಜರ್ಮನ್, ಫ್ರೆಂಚ್, ಇಂಗ್ಲಿಷಲ್ಲಿ, ಅದಕ್ಕೋಸ್ಕರ ಆಕೆ ಪರಭಾಷೆ ಓದೋದನ್ನೂ ಕಲಿತ್ರು. ಚಿಹ್ನೆಗಳ ಹೆಸರು ಆಕೆಗೆ ಗೊತ್ತಿರ್ಲಿಲ್ಲ. ಸರಿ, ಕಂಡಿದ್ದನ್ನ ಕಂಡ ಹಾಗೆ ಹೇಳೋದು. ಎರಡು ಗಣಗಳ ಛೇದನಕ್ಕೆ ಹಾಕೋ ಚಿಹ್ನೆ, ಬೋರಲು ಹಾಕಿದ ಯು ಥರ ಇರುತ್ತಲ್ಲ, ಅದಕ್ಕೆ "ಬಾಲ ಕೆಳಗೆ". ಉಪಗಣದ ಚಿಹ್ನೆಗೆ "ಬಾಲ ಬಲಕ್ಕೆ". ಹೀಗೆ ಅಮ್ಮ ಮಗ ಇಬ್ರೂ ಸೇರಿ ತಮ್ಮದೇ ಒಂದು ಮಾತು ಕಟ್ಕೊಂಡ್ರು. ವರ್ಷಗಟ್ಟಲೆ ಆಕೆನೇ ಅವರ ಸೆಕ್ರೆಟರಿ: ಓದೋದು, ಹಸ್ತಪ್ರತಿಲಿ ಸೂತ್ರಗಳನ್ನ ತುಂಬೋದು, ತಿದ್ದೋದು, ಎಲ್ಲಾ.

ಈ ತಾಯಿನ ತ್ಯಾಗಮಯಿ ಅಂತ ಹೊಗಳಿ ಮುಂದಕ್ಕೆ ಹೋಗೋದು ಸುಲಭ. ನಾನು ಹೇಳೋದು ಬೇರೆ. ಆಕೆ ಮಾಡಿದ್ದು ಒಂದು ತಾಂತ್ರಿಕ ಕೆಲಸ. ಕಾಗದದ ಮೇಲೆ ಹರಡಿಕೊಂಡಿರೋ ಗಣಿತನ ಒಂದೇ ಸಾಲಲ್ಲಿ ಬಾಯಿಂದ ಹೇಳೋ ಹಾಗೆ ಮಾಡೋದು, ಕೇಳಿಸ್ಕೊಂಡೋನಿಗೆ ಗೊಂದಲ ಆಗದ ಹಾಗೆ. ಅದು ಒಂದು ವಾರದಲ್ಲಿ ಬರೋದಲ್ಲ.

1925ರಲ್ಲಿ ಹುಡುಗ ಮಾಸ್ಕೋ ಯೂನಿವರ್ಸಿಟಿ ಸೇರಿದ. ಆಗ ಅಲ್ಲಿ ಟೋಪಾಲಜಿ ಅನ್ನೋದು ಹೊಸ ಮನೆ, ಇಬ್ಬರು ಪಾವೆಲ್‌ಗಳು ಕಟ್ಟಿದ್ದು, ಅಲೆಕ್ಸಾಂಡ್ರೊವ್ ಮತ್ತು ಉರಿಸೋನ್. ಅದರಲ್ಲಿ ಉರಿಸೋನ್ ಹಿಂದಿನ ವರ್ಷ ತಾನೇ ಫ್ರಾನ್ಸಿನ ಸಮುದ್ರದಲ್ಲಿ ಈಜೋಕೆ ಹೋಗಿ ತೀರಿಕೊಂಡಿದ್ರು, 26 ವರ್ಷಕ್ಕೆ. ಅಲೆಕ್ಸಾಂಡ್ರೊವ್ ಸೆಮಿನಾರಿಗೆ ಈ ಕಣ್ಣಿಲ್ಲದ ಹುಡುಗ ಬಂದು ಕೂತ. 19ನೇ ವಯಸ್ಸಿಗೇ ಅಲೆಕ್ಸಾಂಡರ್ ಅನ್ನೋ ಅಮೆರಿಕನ್ ಗಣಿತಜ್ಞರ ಡ್ಯುಯಾಲಿಟಿ ಪ್ರಮೇಯದ (ಒಂದು ಆಕಾರಕ್ಕೂ ಅದರ ಸುತ್ತಲಿನ ಜಾಗಕ್ಕೂ ಇರೋ ನಂಟು) ಮೇಲೆ ಸ್ವಂತ ಕೆಲಸ ಶುರು ಮಾಡಿಬಿಟ್ಟಿದ್ದ (ಅಲೆಕ್ಸಾಂಡ್ರೊವ್ ಬೇರೆ ಅಲೆಕ್ಸಾಂಡರ್ ಬೇರೆ, ಟೋಪಾಲಜಿ ಓದೋರಿಗೆ ಇದೊಂದು ಶಾಶ್ವತ ತಲೆನೋವು).

ಆ ಕಾಲದ್ದೊಂದು ಪ್ರಸಂಗ ಇದೆ, ಮೇಷ್ಟ್ರುಗಳು ದಯವಿಟ್ಟು ಗಮನ ಕೊಟ್ಟು ಓದಿ. ಬುಖ್‌ಗೋಲ್ಟ್ಸ್ ಅನ್ನೋ ಪ್ರೊಫೆಸರ್ ಪಾಠ ಮಾಡ್ತಿದ್ರು, ಬೋರ್ಡ್ ಮೇಲೆ ದೊಡ್ಡ ಗೋಜಲಿನ ಚಿತ್ರ, ಹುಡುಗ್ರು ಅರ್ಧ ಗಮನ ಕೊಟ್ಟು ಅರ್ಧ ಬಿಟ್ಟು ಕೂತಿದ್ರು. ಇದ್ದಕ್ಕಿದ್ದ ಹಾಗೆ ಪೊಂಟ್ರ್ಯಾಗಿನ್ ದನಿ: ಪ್ರೊಫೆಸರ್, ನೀವು ಚಿತ್ರದಲ್ಲಿ ತಪ್ಪು ಮಾಡಿದ್ರಿ. ನೋಡಿದ್ರೆ ಹೌದು, ಅಕ್ಷರಗಳನ್ನ ಗುರುತು ಹಾಕಿದ್ದು ತಪ್ಪಾಗಿತ್ತು. ಕಣ್ಣಿದ್ದೋರು ಯಾರೂ ನೋಡಿರ್ಲಿಲ್ಲ. ಈ ಕತೆ ಹೇಳೋರೆಲ್ಲಾ "ಎಂಥಾ ಬುದ್ಧಿ" ಅಂತಾರೆ. ಬುದ್ಧಿ ಸರಿ, ಆದ್ರೆ ಇನ್ನೊಂದು ಇದೆ: ಆ ಪ್ರೊಫೆಸರ್ ಚಿತ್ರ ಬರೀತಾ ಬರೀತಾ ಅಕ್ಷರಗಳನ್ನೆಲ್ಲ ಬಾಯಲ್ಲಿ ಹೇಳ್ತಿದ್ರು. ಹೇಳದೇ ಇದ್ದಿದ್ರೆ ಪೊಂಟ್ರ್ಯಾಗಿನ್‌ಗೆ ತಪ್ಪು ಹಿಡಿಯೋಕೆ ಏನಿತ್ತು? ನಮ್ಮ ಕ್ಲಾಸ್‌ಗಳಲ್ಲಿ "ಇದನ್ನ ಇದಕ್ಕೆ ಹಾಕಿ, ಇಲ್ಲಿಂದ ಇಲ್ಲಿಗೆ ತಂದ್ರೆ, ಅದು ಇದಕ್ಕೆ ಸಮ" ಅಂತ ಚಾಕ್ ಕುಟ್ಟಿ ಪಾಠ ಮಾಡ್ತಾರಲ್ಲ, ಅಲ್ಲಿ ಕೂತಿದ್ರೆ ಯಾವ ಪೊಂಟ್ರ್ಯಾಗಿನ್ನೂ ಬಾಯಿ ಬಿಡೋ ಹಾಗಿರ್ಲಿಲ್ಲ.

ಕಣ್ಣು ಕಾಣದೋರಿಗೆ ಬೀಜಗಣಿತ ಆದ್ರೂ ಆಗಬಹುದು, ರೇಖಾಗಣಿತ ಹೇಗೆ ಅಂತ ಕೇಳ್ತೀರಾ? ಪೊಂಟ್ರ್ಯಾಗಿನ್ ಆರಿಸ್ಕೊಂಡಿದ್ದೇ ಆಕಾರಗಳ ಗಣಿತ. ಅವರೊಬ್ರೇ ಅಲ್ಲ, ಫ್ರಾನ್ಸಿನ ಬರ್ನಾರ್ ಮೊರಾಂ ಆರನೇ ವಯಸ್ಸಿಗೇ ದೃಷ್ಟಿ ಕಳಕೊಂಡೋರು, ಗೋಳವನ್ನ ಎಲ್ಲೂ ಹರಿಯದೆ, ಚೂಪು ಮಡಿಕೆ ಬೀಳದೆ (ತನ್ನನ್ನ ತಾನೇ ದಾಟಿಹೋಗಬಹುದು, ಅಷ್ಟೇ) ಒಳಗಿಂದ ಹೊರಗೆ ತಿರುಗಿಸೋದು ಹೇಗೆ ಅಂತ ಮಾಡೆಲ್ ಮಾಡಿ ತೋರಿಸಿದೋರು. ನಾಲ್ಕು ಆಯಾಮ, ಐದು ಆಯಾಮದ ವಿಷಯ ಬಂದ್ರೆ ಕಣ್ಣಿದ್ದೋರೂ ಏನೂ ನೋಡೋಕಾಗಲ್ಲ. ಅಲ್ಲಿ ಎಲ್ರೂ ಒಂದೇ.

1930ರಲ್ಲಿ, 22 ವರ್ಷಕ್ಕೆ, ಪೊಂಟ್ರ್ಯಾಗಿನ್ ಒಂದು ವಿಚಿತ್ರ ತೋರಿಸಿದ್ರು. ಎರಡು ಆಯಾಮದ ಒಂದು ವಸ್ತು, ಎರಡು ಆಯಾಮದ ಇನ್ನೊಂದು ವಸ್ತು, ಎರಡನ್ನೂ ಗುಣಿಸಿದ್ರೆ (ಗೆರೆ ಗುಣಿಸು ಗೆರೆ ಅಂದ್ರೆ ಚೌಕ, ಆ ಅರ್ಥದಲ್ಲಿ) ನಾಲ್ಕು ಆಯಾಮ ಬರ್ಬೇಕು ಅಂತ ಎಲ್ರೂ ಅಂದ್ಕೊಂಡಿದ್ರು. ಅವರು ಮೂರು ಬರೋ ಅಂಥ ಜೋಡಿ ಕಟ್ಟಿಕೊಟ್ರು. ಎರಡು ಕೂಡಿಸು ಎರಡು ಮೂರು! 1934ರಲ್ಲಿ ಟೋಪಾಲಜಿಕಲ್ ಗ್ರೂಪ್‌ಗಳ ಡ್ಯುಯಾಲಿಟಿ, ಇವತ್ತು ಫೂರಿಯೇ ವಿಶ್ಲೇಷಣೆನ (ಗೋಜಲಿನ ಅಲೆನ ಸರಳ ಅಲೆಗಳಾಗಿ ಬಿಡಿಸೋ ಗಣಿತ) ಸಾಮಾನ್ಯ ರೂಪದಲ್ಲಿ ಕಲಿಯೋ ಯಾರೇ ಆದ್ರೂ ಪೊಂಟ್ರ್ಯಾಗಿನ್ ಡ್ಯುಯಾಲಿಟಿ ದಾಟದೆ ಹೋಗೋಕಾಗಲ್ಲ. ಅದೇ ವರ್ಷ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಿತ ಸಂಸ್ಥೆ ಸ್ಟೆಕ್ಲೊವ್ ಇನ್‌ಸ್ಟಿಟ್ಯೂಟ್ ಲೆನಿನ್‌ಗ್ರಾಡ್‌ನಿಂದ ಮಾಸ್ಕೋಗೆ ಬಂತು, ಸ್ವಲ್ಪದ್ರಲ್ಲೇ ಅಲ್ಲಿ ಟೋಪಾಲಜಿ ವಿಭಾಗದ ಮುಖ್ಯಸ್ಥರಾದ್ರು.

ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಗೋಳಗಳ ಕೆಲಸ. ಇದನ್ನ ಒಂಚೂರು ನಿಧಾನಕ್ಕೆ ಹೇಳ್ತೀನಿ, ಸ್ಕಿಪ್ ಮಾಡ್ಬೇಡಿ.

ದೊಡ್ಡ ಆಯಾಮದ ಗೋಳವನ್ನ ಚಿಕ್ಕ ಆಯಾಮದ ಗೋಳದ ಮೇಲೆ ಹರವೋಕೆ ನಿಜವಾಗ್ಲೂ ಬೇರೆಬೇರೆ ವಿಧಾನ ಎಷ್ಟಿದೆ ಅನ್ನೋದು ಪ್ರಶ್ನೆ. (ಇಲ್ಲಿ ಗೋಳ ಅಂದ್ರೆ ಬರೀ ಮೇಲ್ಮೈ: ಚೆಂಡಿನ ಹೊರಮೈ ಎರಡು ಆಯಾಮದ ಗೋಳ.) ಒಂದನ್ನ ಎಳೆದು ಜಗ್ಗಿ ಇನ್ನೊಂದು ಮಾಡೋ ಹಾಗಿದ್ರೆ ಎರಡೂ ಒಂದೇ ಅಂತ ಲೆಕ್ಕ. ಪೊಂಟ್ರ್ಯಾಗಿನ್ ಉಪಾಯ: ಇಡೀ ಹರವು ನೋಡ್ಬೇಡಿ, ಚಿಕ್ಕ ಗೋಳದ ಮೇಲೆ ಒಂದೇ ಒಂದು ಬಿಂದು ಹಿಡಿದುಕೊಂಡು, ದೊಡ್ಡ ಗೋಳದ ಯಾವ್ಯಾವ ಬಿಂದುಗಳು ಬಂದು ಅದರ ಮೇಲೆ ಕೂತ್ವು ಅಂತ ಕೇಳಿ. ಆಯಾಮದಲ್ಲಿ ವ್ಯತ್ಯಾಸ ಒಂದೇ ಆದ್ರೆ ಸಿಗೋದು ದಾರದ ಕುಣಿಕೆಗಳು. ಕುಣಿಕೆ ಉದ್ದಕ್ಕೂ ಪ್ರತಿ ಬಿಂದುವಲ್ಲೂ ಹೊರಮುಖವಾಗಿ ನಿಲ್ಲೋ ಒಂದಷ್ಟು ಬಾಣಗಳು ತಾವಾಗೇ ಬರ್ತಾವೆ. ಕುಣಿಕೆ ಒಂದು ಸುತ್ತು ಹಾಕಿ ಬರೋ ಹೊತ್ತಿಗೆ ಆ ಬಾಣಗಳು ಎಷ್ಟು ತಿರುಚ್ಕೊಂಡ್ವು? ಇಡೀ ಹರವಿನ ಗುಟ್ಟು ಆ ತಿರುಚಲ್ಲಿದೆ.

ಈಗ ಸೊಂಟದ ಬೆಲ್ಟ್ ಬಿಚ್ಚಿ ಕೈಗೆ ತಗೊಳ್ಳಿ. ಒಂದು ತುದಿನ ದಪ್ಪ ಪುಸ್ತಕದ ಕೆಳಗೆ ಒತ್ತಿ ಇಡಿ. ಬಕಲ್ ಹಿಡಿದು ಪೂರ್ತಿ ಎರಡು ಸುತ್ತು ತಿರುಚಿ. ಇನ್ನು ಬಕಲ್ ಮುಖ ಯಾವ ಕಡೆ ಇದೆಯೋ ಅದೇ ಕಡೆ ಇಟ್ಕೊಂಡು, ತಿರುಗಿಸದೆ, ಬೆಲ್ಟಿನ ಪಟ್ಟಿ ಸುತ್ತ ಒಂದ್ಸಲ ದಾಟಿಸಿ ತನ್ನಿ. ಎಳೆದ್ರೆ ತಿರುಚು ಮಾಯ. (ಉಲ್ಟಾ ದಿಕ್ಕಲ್ಲಿ ದಾಟಿಸಿದ್ರೆ ನಾಲ್ಕು ಸುತ್ತಾಗಿ ಕೂರುತ್ತೆ, ನನ್ನನ್ನ ಬೈಬೇಡಿ.) ಒಂದೇ ಸುತ್ತು ತಿರುಚಿ ನೋಡಿ, ಹೀಗೆ ಏನ್ ಮಾಡಿದ್ರೂ ಹೋಗಲ್ಲ. ಗಣಿತದಲ್ಲೂ ಅದೇ ಆಗೋದು. ಬಾಣ ಎರಡೇ ಇದ್ದಾಗ ಪ್ರತಿ ತಿರುಚೂ ಲೆಕ್ಕಕ್ಕೆ ಬರುತ್ತೆ, ಅದು ಮೂರು ಆಯಾಮದ ಗೋಳ ಎರಡು ಆಯಾಮದ್ದರ ಮೇಲೆ ಹರಡೋ ಕೇಸು, ಅದನ್ನ ಹೋಫ್ ಅನ್ನೋ ಗಣಿತಜ್ಞರು ಆಗ್ಲೇ 1931ರಲ್ಲಿ ತೋರಿಸಿದ್ರು. ಬಾಣ ಮೂರು ಅಥವಾ ಜಾಸ್ತಿ ಇದ್ರೆ ಎರಡು ತಿರುಚು ಸೊನ್ನೆಗೆ ಸಮ, ಹಾಗಾಗಿ ಬರೀ ಎರಡೇ ಬಗೆ: ತಿರುಚಿದ್ದು, ತಿರುಚದ್ದು. ಕಣ್ಣಿಲ್ಲದೋರು, ತಲೆ ಒಳಗೇ, ಇದನ್ನ ಕಂಡ್ಕೊಂಡ್ರು.

ಮುಂದಿನ ಮೆಟ್ಟಿಲಲ್ಲಿ ಅವರು ಜಾರಿದ್ರು. ವ್ಯತ್ಯಾಸ ಎರಡಾದ್ರೆ ದಾರದ ಬದ್ಲು ಮೇಲ್ಮೈ ಸಿಗುತ್ತೆ, ಅದಕ್ಕೆ ತೂತುಗಳಿರಬಹುದು. ತೂತಿನ ಸುತ್ತ ತಿರುಚಿಲ್ಲದ ಒಂದು ದಾರಿ ಸಿಕ್ರೆ ಅಲ್ಲಿ ಕತ್ತರಿಸಿ ಮುಚ್ಚಿ, ತೂತು ತೆಗೆದುಹಾಕಬಹುದು. ಎರಡು ದಾರಿಗಳಲ್ಲೂ ತಿರುಚಿದ್ರೆ ಎರಡನ್ನೂ ಸೇರಿಸಿದ ಮೂರನೇ ದಾರಿಲಿ ಒಂದು ಕೂಡಿಸು ಒಂದು ಎರಡು, ಅಂದ್ರೆ ಸೊನ್ನೆ, ಯಾವಾಗ್ಲೂ ಒಂದು ಒಳ್ಳೇ ದಾರಿ ಇದ್ದೇ ಇರುತ್ತೆ, ಹಾಗಾಗಿ ಹೊಸ ಬಗೆ ಏನೂ ಇಲ್ಲ ಅಂತ 1936ರಲ್ಲಿ ಹೇಳಿಬಿಟ್ರು. ಎಡವಟ್ಟಾಗಿದ್ದು ಎಲ್ಲಿ ಅಂದ್ರೆ, ಆ ಎರಡು ದಾರಿ ಒಂದನ್ನೊಂದು ದಾಟೋ ಜಾಗದಲ್ಲಿ ಇನ್ನೊಂದು ಹೆಚ್ಚುವರಿ ತಿರುಚು ಸೇರುತ್ತೆ. ಒಂದು, ಒಂದು, ಮತ್ತೆ ಒಂದು: ಮೂರು. ಬೆಸ. ತೂತು ಹೋಗಲ್ಲ. 1950ರಲ್ಲಿ ಅವರೇ ಸರಿ ಮಾಡಿದ್ರು, ಅತ್ತ ಅಮೆರಿಕದಲ್ಲಿ ಜಾರ್ಜ್ ವೈಟ್‌ಹೆಡ್‌ಗೂ ಅದೇ ವರ್ಷ ಸರಿ ಉತ್ತರ ಸಿಕ್ತು. 14 ವರ್ಷ ಆ ತಪ್ಪು ಹಾಗೇ ಇತ್ತು. ಆದ್ರೆ ಆ ಹೆಚ್ಚುವರಿ "ಒಂದು" ಇದೆಯಲ್ಲ, ಅದರ ವಂಶ ಇವತ್ತಿಗೂ ಟೋಪಾಲಜಿಲಿ ಬೆಳೀತಾನೇ ಇದೆ. ಉಪಾಯನೂ ಉಳೀತು. ಫ್ರೆಂಚ್ ಗಣಿತಜ್ಞ ರೆನೆ ಟಾಮ್ ಅದನ್ನ ತಿರುಗಿಸಿ ಬಳಸಿ 1954ರಲ್ಲಿ ದೊಡ್ಡ ಕೆಲಸ ಮಾಡಿದ್ರು, ಈಗ ಇಬ್ಬರ ಹೆಸರೂ ಸೇರಿಸೇ ಹೇಳ್ತಾರೆ.

ಈಗ ಪಕ್ಕದಲ್ಲಿ ಕೂತ ಇನ್ನೊಬ್ಬರ ವಿಷಯಕ್ಕೆ ಬರ್ತೀನಿ, ಈ ಪತ್ರ ಬರೆಯೋಕೆ ಅರ್ಧ ಕಾರಣ ಇವರೇ. ವ್ಲಾದಿಮಿರ್ ರೋಖ್ಲಿನ್, 1919ರಲ್ಲಿ ಬಾಕುನಲ್ಲಿ ಹುಟ್ಟಿದ ಯಹೂದಿ. ಮಾಸ್ಕೋ ಯೂನಿವರ್ಸಿಟಿ ಹುಡುಗ. 1941ರಲ್ಲಿ ಸ್ವಯಂಸೇವಕನಾಗಿ ಯುದ್ಧಕ್ಕೆ ಹೋಗಿ ಜರ್ಮನ್ನರ ಕೈಗೆ ಸಿಕ್ಕಿಬಿದ್ರು. ಯಹೂದಿ ಅಂತ ಗೊತ್ತಾದ್ರೆ ಅಲ್ಲೇ ಗುಂಡು, ಹಾಗಾಗಿ ಮುಚ್ಚಿಟ್ಟುಕೊಂಡು ಕ್ಯಾಂಪ್‌ಗಳಲ್ಲಿ ಬದುಕುಳಿದ್ರು. ಬಿಡುಗಡೆ ಆದ್ರೆ ಮುಗೀತಾ ಅಂದ್ರೆ ಇಲ್ಲ, ಸ್ಟಾಲಿನ್ ಕಾಲದಲ್ಲಿ ಶತ್ರು ಕೈಲಿ ಸೆರೆಯಾಗಿದ್ದೋನು ಅಂದ್ರೆ ಅನುಮಾನದ ಮನುಷ್ಯ, ತಮ್ಮದೇ ದೇಶದ ತಪಾಸಣೆ ಕ್ಯಾಂಪ್‌ಗೆ ಹಾಕಿದ್ರು. ಹೆಸರಾಂತ ಗಣಿತಜ್ಞ ಕೋಲ್ಮೊಗೊರೊವ್ ಮತ್ತು ಪೊಂಟ್ರ್ಯಾಗಿನ್ ಬೆನ್ನು ಹತ್ತಿ ಬಿಡಿಸಿದ್ರು. ಬಿಡಿಸಿದ ಮೇಲೆ ಕೆಲಸ? ಇಂಥ ಮನುಷ್ಯನಿಗೆ ಯಾರು ಕೊಡ್ತಾರೆ? ಸ್ಟೆಕ್ಲೊವ್ ಇನ್‌ಸ್ಟಿಟ್ಯೂಟಲ್ಲಿ ಪೊಂಟ್ರ್ಯಾಗಿನ್ ತಮ್ಮ ಸಹಾಯಕ ಅಂತ ತಗೊಂಡ್ರು.

ಸಹಾಯಕ. ನಮ್ಮ ಭಾಷೇಲಿ ಹೇಳೋದಾದ್ರೆ ಹೆಚ್ಚೂಕಮ್ಮಿ ಸ್ಕ್ರೈಬ್ ಪೋಸ್ಟು. ಆ ಪೋಸ್ಟಲ್ಲಿ ಕೂತ ರೋಖ್ಲಿನ್ ಟೋಪಾಲಜಿಗೆ ತಿರುಗಿದ್ರು. ಆಮೇಲೆ ಅದೇ ದಾರ ಮತ್ತು ಬಾಣದ ಉಪಾಯನ ಒಂದು ಮೆಟ್ಟಿಲು ಮೇಲಕ್ಕೆ ಒಯ್ದ್ರು: ವ್ಯತ್ಯಾಸ ಮೂರು. ಮೊದ್ಲು 12 ಬಗೆ ಅಂದ್ರು, ಅದು ತಪ್ಪು, 24. ಗುರುಗೆ ತಪ್ಪಿದ ಹಾಗೇ ಶಿಷ್ಯನಿಗೂ ತಪ್ಪಿತು ನೋಡಿ, ಆದ್ರೆ ಇವರು ಬೇಗ ಹಿಡಿದ್ರು. ಆ ತಪ್ಪನ್ನ ಸರಿ ಮಾಡೋ ದಾರಿಲೇ 1952ರಲ್ಲಿ ನಾಲ್ಕು ಆಯಾಮದ ಆಕಾರಗಳ ಬಗ್ಗೆ ಒಂದು ಪ್ರಮೇಯ ಸಿಕ್ತು. ಸಿಗ್ನೇಚರ್ ಅಂತ ಒಂದು ಸಂಖ್ಯೆ ಇದೆ, ನಯವಾದ, ಸ್ಪಿನ್ ಅನ್ನೋ ಜಾತಿಯ ಆಕಾರಗಳಲ್ಲಿ ಅದು 16ರಿಂದ ನಿಶ್ಶೇಷವಾಗಿ ಭಾಗ ಹೋಗಲೇಬೇಕು. ಬೀಜಗಣಿತದ ಪ್ರಕಾರ 8 ಸಾಕಿತ್ತು. ಆ 8ಕ್ಕೂ 16ಕ್ಕೂ ಇರೋ ಅಂತರ ಎಂಥದ್ದು ಅಂತ 30 ವರ್ಷ ಬಿಟ್ಟು, 1982ರ ಹೊತ್ತಿಗೆ ಅಮೆರಿಕದ ಗಣಿತಜ್ಞ ಫ್ರೀಡ್‌ಮನ್ ಸಿಗ್ನೇಚರ್ ಸರಿಯಾಗಿ 8 ಇರೋ ಆಕಾರ ಕಟ್ಟಿದಾಗ ಜಗತ್ತಿಗೆ ಗೊತ್ತಾಯ್ತು: ರೋಖ್ಲಿನ್ ಪ್ರಕಾರ ಅದನ್ನ ನಯ ಮಾಡೋಕೆ ಸಾಧ್ಯವೇ ಇಲ್ಲ. ಇಷ್ಟೆಲ್ಲ ಮಾಡಿದ ಮನುಷ್ಯನನ್ನ ಆ ಪ್ರಮೇಯ ಸಿಕ್ಕ ಹೊತ್ತಿಗೇ ಸ್ಟೆಕ್ಲೊವ್‌ನಿಂದ ಕಳಿಸಿಬಿಟ್ಟಿದ್ರು, ಆರ್ಖಾಂಗೆಲ್ಸ್ಕ್, ಇವಾನೊವೊ, ಕೊಲೊಮ್ನ ಅಂತ ಸುತ್ತಿ 1960ಕ್ಕೆ ಲೆನಿನ್‌ಗ್ರಾಡ್ ತಲುಪಿದ್ರು. ಅಲ್ಲಿ ಅವರ ಕೈಲಿ ಕಲಿತೋರಲ್ಲಿ ಗ್ರೊಮೊವ್ ಒಬ್ರು, ಎಲಿಯಾಶ್‌ಬರ್ಗ್ ಒಬ್ರು. ಗಣಿತ ಗೊತ್ತಿದ್ದೋರು ಈ ಹೆಸರು ಕೇಳಿ ಎದ್ದು ಕೂರ್ತಾರೆ.

1950ರ ದಶಕದಲ್ಲಿ ಪೊಂಟ್ರ್ಯಾಗಿನ್ ಟೋಪಾಲಜಿ ಬಿಟ್ಟು ನಿಯಂತ್ರಣ ಸಿದ್ಧಾಂತಕ್ಕೆ (ವಿಮಾನ, ಯಂತ್ರ ಇಂಥವನ್ನ ಚೆನ್ನಾಗಿ ನಡೆಸೋ ದಾರಿ ಹುಡುಕೋ ಗಣಿತ) ಹೋದ್ರು. ವಾಯುಸೇನೆ ಕಡೆಯಿಂದ ಬಂದೋರು ವಿಮಾನದ ಬೆನ್ನಟ್ಟುವಿಕೆ ಬಗ್ಗೆ ಲೆಕ್ಕ ಕೇಳಿದ್ರಂತೆ, ಮೂರು ರಾತ್ರಿ ನಿದ್ದೆಗೆಟ್ಟು ಮುಖ್ಯ ಸಮೀಕರಣ ಹಿಡಿದ್ರು ಅಂತ ಶಿಷ್ಯ ಗಮ್‌ಕ್ರೆಲಿಡ್ಜೆ ಬರೆದಿದ್ದಾರೆ. ಮ್ಯಾಕ್ಸಿಮಮ್ ಪ್ರಿನ್ಸಿಪಲ್ ಅನ್ನೋದು ಇದೇ, ರಾಕೆಟ್ಟಿಂದ ಹಿಡಿದು ಅರ್ಥಶಾಸ್ತ್ರದ ತನಕ ಎಲ್ಲಾ ಕಡೆ ಬಳಸ್ತಾರೆ. ಅದರಲ್ಲೂ ಬೊಲ್ತ್ಯಾನ್‌ಸ್ಕಿ, ಗಮ್‌ಕ್ರೆಲಿಡ್ಜೆ, ಮಿಶ್ಚೆಂಕೊ ಮೂರು ಜನ ಜೊತೆಗಿದ್ರು, 1962ರ ಲೆನಿನ್ ಪ್ರಶಸ್ತಿ ನಾಲ್ವರಿಗೂ ಸೇರಿ ಬಂತು. ಯಾರ ಪಾಲು ಎಷ್ಟು ಅಂತ ಆಮೇಲೆ ಬೊಲ್ತ್ಯಾನ್‌ಸ್ಕಿ ತಕರಾರೂ ತೆಗೆದ್ರು. ಪಕ್ಕದಲ್ಲಿ ಕೂತೋರ ಪಾಲು ಎಷ್ಟು ಅನ್ನೋ ಪ್ರಶ್ನೆ ಈ ಮನುಷ್ಯನ ಜೀವನದುದ್ದಕ್ಕೂ ಬಂತು ನೋಡಿ.

ಇನ್ನೊಂದು ಮಾತು ಹೇಳದೆ ಹೋದ್ರೆ ನಾನೂ ಆ ಮೂರು ಸಾಲಿನ ಪೋಸ್ಟ್ ಹಾಕಿದ ಹಾಗೇ. 1970ರ ದಶಕಕ್ಕೆ ಬರೋ ಹೊತ್ತಿಗೆ ಪೊಂಟ್ರ್ಯಾಗಿನ್ ಕೈಲಿ ಅಧಿಕಾರ ಇತ್ತು: ಅಂತರರಾಷ್ಟ್ರೀಯ ಗಣಿತ ಒಕ್ಕೂಟದಲ್ಲಿ ಸ್ಥಾನ, ದೊಡ್ಡ ಜರ್ನಲ್ಲಿನ ಸಂಪಾದಕತ್ವ. ಆ ಕಾಲದಲ್ಲಿ ಸೋವಿಯತ್ ಗಣಿತದಲ್ಲಿ ಯಹೂದಿಗಳಿಗೆ ಆಗ್ತಿದ್ದ ಅನ್ಯಾಯದಲ್ಲಿ ಇವರ ಕೈಯೂ ಇದೆ ಅಂತ ಬಹಳ ಜನ ಗಣಿತಜ್ಞರು ಹೇಳಿದ್ರು. ಇವರು ಅಮೆರಿಕದ ಪತ್ರಿಕೆಗೆ ಪತ್ರ ಬರೆದು ನಿರಾಕರಿಸಿದ್ರು. ಆದ್ರೆ ಜೇಕಬ್‌ಸನ್ ಅನ್ನೋ ಅಮೆರಿಕದ ದೊಡ್ಡ ಗಣಿತಜ್ಞರನ್ನ ಸಾಧಾರಣ ವಿಜ್ಞಾನಿ, ಆಕ್ರಮಣಕಾರಿ ಜಿಯೋನಿಸ್ಟ್ (ಯಹೂದಿ ರಾಷ್ಟ್ರವಾದಿ) ಅನ್ನೋ ಅರ್ಥದಲ್ಲಿ ಇವರೇ ಬರೆದಿದ್ದಾರೆ. 1978ರಲ್ಲಿ ಮಾರ್ಗುಲಿಸ್‌ಗೆ (ಇವರೂ ಸೋವಿಯತ್ ದೇಶದ ಯಹೂದಿ ಗಣಿತಜ್ಞರು) ಗಣಿತದ ಬಹಳ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂದಾಗ ಅದನ್ನ ತಗೊಳ್ಳೋಕೆ ಹೆಲ್ಸಿಂಕಿಗೆ ಹೋಗೋಕೆ ಸೋವಿಯತ್ ಅಧಿಕಾರಿಗಳು ಬಿಡಲಿಲ್ಲ, ಆ ಪದಕವೇ ಬೇಡ ಅಂತ ತಾನು ವಿರೋಧಿಸಿದ್ದನ್ನ ಪೊಂಟ್ರ್ಯಾಗಿನ್ ಆತ್ಮಕಥೇಲಿ ಮುಚ್ಚಿಟ್ಟಿಲ್ಲ. ರೋಖ್ಲಿನ್‌ರನ್ನ ಕ್ಯಾಂಪಿಂದ ಬಿಡಿಸಿದ್ದೂ ಇದೇ ಮನುಷ್ಯ. ಎರಡನ್ನೂ ಸೇರಿಸಿ ಒಂದು ತೀರ್ಪು ಕೊಡೋಕೆ ನನಗಂತೂ ಆಗಲ್ಲ, ಆದ್ರೆ ಎರಡನ್ನೂ ಹೇಳ್ಬೇಕು. ನಿಮ್ಮ ಸ್ಕೂಲ್ ಗೋಡೆ ಮೇಲೆ ಸ್ಫೂರ್ತಿ ಅಂತ ಇವರ ಪಟ ಹಾಕಿ ಅಂತ ನಾನು ಕೇಳ್ತಾ ಇಲ್ಲ.

ನಾನು ಕೇಳೋದು ಸ್ಕ್ರೈಬ್ ವಿಷಯ.

ದೃಷ್ಟಿ ಇಲ್ಲದ ಮಕ್ಕಳು ಪರೀಕ್ಷೆಲಿ ಉತ್ತರ ಹೇಳ್ತಾರೆ, ಸ್ಕ್ರೈಬ್ ಬರೀತಾರೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಲಿ ಅಭ್ಯರ್ಥಿ ತಾನೇ ಸ್ಕ್ರೈಬ್ ಕರ್ಕೊಂಡು ಬಂದ್ರೆ ಆ ಸ್ಕ್ರೈಬ್‌ನ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು ಅಂತ ಹಾಕಿದ್ರು. ಪರೀಕ್ಷೆ ನಡೆಸೋರೇ ಸ್ಕ್ರೈಬ್ ಕೊಟ್ರೆ, ಪರೀಕ್ಷೆಗೆ ಎರಡು ದಿನ ಮುಂಚೆ ಭೇಟಿ ಮಾಡೋ ಅವಕಾಶ ಇರಬೇಕು ಅಂತನೂ ಇತ್ತು. ಗಂಟೆಗೆ 20 ನಿಮಿಷ ಹೆಚ್ಚುವರಿ ಟೈಮ್. ಉದ್ದೇಶ ಅರ್ಥ ಆಗುತ್ತೆ, ಕಾಪಿ ಆಗಬಾರದು, ಸ್ಕ್ರೈಬೇ ಉತ್ತರ ಬರೆದುಬಿಡಬಾರದು. ಇತಿಹಾಸದ ಪೇಪರ್‌ಗೆ ಈ ನಿಯಮ ಹೇಗೋ ನಡೆಯುತ್ತೆ. ಗಣಿತಕ್ಕೆ?

ನಾನು ಸ್ಕ್ರೈಬ್ ಆಗಿ ಕೂತಿದ್ದೀನಿ, ಹಾಗಾಗಿ ಒಂದು ಉದಾಹರಣೆ ಕೊಡ್ತೀನಿ. ಹುಡುಗಿ ಹೇಳಿದ್ಲು: "ಎಕ್ಸ್ ಪ್ಲಸ್ ಒನ್ ಬೈ ಎಕ್ಸ್ ಮೈನಸ್ ಒನ್." ಬರೀರಿ ನೋಡೋಣ. ಎಕ್ಸ್ ಪ್ಲಸ್ ಒನ್ ಪೂರ್ತಿ ಮೇಲೆ, ಎಕ್ಸ್ ಮೈನಸ್ ಒನ್ ಪೂರ್ತಿ ಕೆಳಗಾ? ಎಕ್ಸ್ ಬೇರೆ ಇಟ್ಟು, ಒನ್ ಮಾತ್ರ ಮೇಲಾ? ಕೊನೆಯ ಮೈನಸ್ ಒನ್ ಭಾಗಾಕಾರದ ಒಳಗಾ ಹೊರಗಾ? ಒಂದೇ ಮಾತಿಗೆ ನಾಲ್ಕು ಅರ್ಥ ಆಗುತ್ತೆ, ನಾಲ್ಕಕ್ಕೂ ಬೇರೆಬೇರೆ ಉತ್ತರ. ಅವಳ ತಲೇಲಿ ಸ್ಪಷ್ಟವಾಗಿತ್ತು. "ಯಾವುದಮ್ಮಾ?" ಅಂತ ನಾನು ಕೇಳಿದ್ರೆ ರೂಮಲ್ಲಿದ್ದ ಇನ್ವಿಜಿಲೇಟರ್ "ಮಾತಾಡಬೇಡಿ, ಹೇಳಿದ್ದನ್ನ ಬರೀರಿ" ಅಂದ್ರು. ಅವರದ್ದೂ ತಪ್ಪಲ್ಲ, ಅವರಿಗೆ ಹೇಳಿಕೊಟ್ಟಿದ್ದೇ ಹಾಗೆ. ಆದ್ರೆ ಹೇಳಿದ್ದನ್ನ ಬರೆಯೋದು ಅಂದ್ರೆ ಗಣಿತದಲ್ಲಿ ಅಷ್ಟು ಸಲೀಸಲ್ಲ. ತತ್ಯಾನಾ ಆಂದ್ರೆಯೆವ್ನಾಗೆ ಮಗನ ಜೊತೆ ವರ್ಷಗಳೇ ಸಿಕ್ಕಿದ್ವು. ನಾವು ಕೊಡ್ತಿರೋದು ಎರಡು ದಿನ, ಅದೂ ಕೊಟ್ರೆ.

ಇದಕ್ಕೆ ಪರಿಹಾರ ಹೊಸದಾಗಿ ಹುಡುಕೋದೇನೂ ಬೇಕಿಲ್ಲ. ಅಮೆರಿಕದಲ್ಲಿ ಏಬ್ರಹಾಂ ನೆಮೆತ್ ಅಂತ ಇದ್ರು, ಹುಟ್ಟು ಕುರುಡರು, ಗಣಿತದ ಪ್ರೊಫೆಸರ್. ಬ್ರೈಲಲ್ಲಿ ಗಣಿತ ಬರೆಯೋ ನೆಮೆತ್ ಕೋಡ್ ಅವರದ್ದೇ. ಜೊತೆಗೆ ಕಣ್ಣಿದ್ದೋರಿಗೆ ಬಾಯಲ್ಲಿ ಸೂತ್ರ ಹೇಳಿ ಬರೆಸೋಕೂ ಒಂದು ಪದ್ಧತಿ ಮಾಡ್ಕೊಂಡಿದ್ರು: ಭಿನ್ನರಾಶಿ ಶುರು ಅಂತ ಹೇಳೋದು, ಮೇಲಿಂದು ಮುಗಿದ ಮೇಲೆ "ಓವರ್", ಕೆಳಗಿಂದು ಮುಗಿದ್ಮೇಲೆ ಭಿನ್ನರಾಶಿ ಮುಗೀತು ಅಂತ ಹೇಳೋದು. ಅಷ್ಟೇ! ಆ ಹುಡುಗಿಗೂ ನನಗೂ ಇಷ್ಟು ಗೊತ್ತಿದ್ದಿದ್ರೆ ಪ್ರಶ್ನೆ ಕೇಳೋ ಅಗತ್ಯವೇ ಬರ್ತಿರ್ಲಿಲ್ಲ. ಕನ್ನಡ ಮೀಡಿಯಂಗೂ ಇಂಗ್ಲಿಷ್ ಮೀಡಿಯಂಗೂ ಇಂಥದ್ದೊಂದು ಕೈಪಿಡಿ, ನಾಲ್ಕೈದು ಪೇಜಿಂದು, ಮಂಡಳಿಯಿಂದ ಬರಲಿ. ಬ್ರಾಕೆಟ್, ಘಾತ, ವರ್ಗಮೂಲ, ಇಂಟಿಗ್ರಲ್ಲಿನ ಮಿತಿಗಳು, ಮ್ಯಾಟ್ರಿಕ್ಸ್, ಇವನ್ನೆಲ್ಲ ಬಾಯಲ್ಲಿ ಹೇಗೆ ಹೇಳೋದು ಅಂತ. ಅದನ್ನ ಸ್ಕ್ರೈಬ್‌ಗೂ ಇನ್ವಿಜಿಲೇಟರ್‌ಗೂ ಇಬ್ರಿಗೂ ಕೊಡಿ, ಆಗ "ಭಿನ್ನರಾಶಿ ಮುಗೀತಾ?" ಅಂತ ಕೇಳೋದು ಕಾಪಿ ಹೊಡೆಯೋದಲ್ಲ ಅಂತ ಎಲ್ರಿಗೂ ಗೊತ್ತಿರುತ್ತೆ.

ಆಮೇಲೆ ಆ ಜೋಡಿ. ಗಣಿತದ ಪೇಪರ್‌ಗಾದ್ರೂ ಸ್ಕ್ರೈಬ್‌ನ ವರ್ಷದ ಶುರುಲೇ ಗೊತ್ತು ಮಾಡಿ, ಕಿರುಪರೀಕ್ಷೆ, ಪ್ರಿಪರೇಟರಿ ಎಲ್ಲದಕ್ಕೂ ಅದೇ ಇಬ್ರು ಕೂರಲಿ. ಕಾಪಿ ಭಯ ಇದ್ರೆ ರೂಮಲ್ಲಿ ಇಬ್ಬರ ಮಾತು ರೆಕಾರ್ಡ್ ಮಾಡಿ, ಒಂದು ಮೊಬೈಲ್ ಸಾಕು. ಕೆಳಗಿನ ಕ್ಲಾಸಿನ ಮಗುನ ಕೂರಿಸೋ ಬದ್ಲು ಚಿಹ್ನೆ ಗೊತ್ತಿರೋರನ್ನ ಕೂರಿಸಿ, ರೆಕಾರ್ಡಿಂಗ್ ಇದ್ದ ಮೇಲೆ ಯಾರು ಯಾರಿಗೆ ಏನು ಹೇಳಿಕೊಟ್ರು ಅಂತ ಗೊತ್ತಾಗೇ ಆಗುತ್ತೆ.

ಮೇಷ್ಟ್ರುಗಳ ಹತ್ರ ಇನ್ನೂ ಚಿಕ್ಕ ಬೇಡಿಕೆ. ಬೋರ್ಡ್ ಮೇಲೆ ಬರೆಯೋದನ್ನ ಬಾಯಲ್ಲೂ ಹೇಳಿ, ತ್ರಿಭುಜಕ್ಕೆ ಅಕ್ಷರ ಹಾಕುವಾಗ ಯಾವ ಮೂಲೆಗೆ ಯಾವುದು ಅಂತ ಹೇಳಿ. ಹಿಂದಿನ ಬೆಂಚಲ್ಲಿ ಕನ್ನಡಕ ಮರೆತು ಬಂದೋನಿಗೂ ಉಪಯೋಗ ಆಗುತ್ತೆ. ಮತ್ತೆ, ಕಣ್ಣು ಕಾಣದ ಮಗುನ ಕರ್ಕೊಂಡು ಅಪ್ಪ ಅಮ್ಮ ಬಂದಾಗ ಗಣಿತದ ಬದ್ಲು ಬೇರೆ ಸಬ್ಜೆಕ್ಟ್ ತಗೊಳ್ಳೋ ಅವಕಾಶ ಇದೆ ಅಂತ ಮೊದಲ ದಿನವೇ ಫಾರಂ ಕೈಗೆ ಕೊಡಬೇಡಿ. ಅವಕಾಶ ಇರ್ಲಿ, ಬೇಕಾದೋರು ತಗೊಳ್ಳಲಿ, ಆದ್ರೆ ಆ ಮಗು ಒಂದು ವರ್ಷ ಕ್ಲಾಸಲ್ಲಿ ಕೂತು ಕೇಳಿದ ಮೇಲೆ ತಾನೇ ಹೇಳಲಿ.

ಮಂಡಳಿಯವರೇ, ಕೈಪಿಡಿಗೆ ಸಮಿತಿ ಮಾಡ್ತೀರಾದ್ರೆ ಅದರಲ್ಲಿ ಗಣಿತ ಓದಿರೋ ದೃಷ್ಟಿಹೀನರು ಅರ್ಧ ಜನ ಇರಲಿ, ಅವರಿಗೆ ಸ್ಕ್ರೈಬ್ ಆಗಿದ್ದೋರು ಇನ್ನರ್ಧ. ಮುಂದಿನ ಜೂನ್‌ಗೆ ಶಾಲೆ ಶುರುವಾಗೋ ಹೊತ್ತಿಗೆ ಮೊದಲ ಕರಡು ಬಂದ್ರೂ ಸಾಕು, ತಿದ್ದೋಕೆ ನಾವಿದ್ದೀವಿ.

ಇಂತಿ,
ಗಣಿತ ಓದಿ, ಆಗಾಗ ಸ್ಕ್ರೈಬ್ ಆಗಿ ಕೂರೋ ಒಬ್ಬ ಓದುಗ